ಹೊರಡದ ದಂಡು

ಕಳೆದ ವಾರ ದುದ್ದದಿಂದ ಹಾಸನಕ್ಕೆ ಸ್ಕೂಟರಿನಲ್ಲಿ ಬರುತ್ತಿದ್ದಾಗ ಹಾಲಿನ ವ್ಯಾನೊಂದು ರಸ್ತೆಗುಂಡಿಯ ನೀರನ್ನೆಲ್ಲ ನನ್ನ ಪ್ಯಾಂಟಿಗೆ ದಾನ ಮಾಡಿ ಹೋಯಿತು. ಮನೆ ತಲುಪುವಷ್ಟರಲ್ಲಿ ಕೆಸರು ಒಣಗಿತ್ತು. ಒಗೆಯಲು ಹಾಕುವ ಮುನ್ನ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ ನಿಂತೆ. ಅಂಚಿನಲ್ಲಿ ದಟ್ಟ ಕಂದು, ಮೇಲೇರಿದಂತೆ ತೆಳು, ಮೊಣಕಾಲಿನ ಹತ್ತಿರ ಸೂಜಿಮೊನೆಯಷ್ಟು ಚುಕ್ಕಿಗಳು. "ಅದೇನು ಜರಿ ಅಂಚಾ, ಅಷ್ಟು ಹೊತ್ತು ನೋಡೋಕೆ?" ಎಂದು ಹೆಂಡತಿ ಕೇಳಿದಳು. ನನಗೆ ಬಾಗೂರಿನ ಚಂದ್ರಣ್ಣ ನೆನಪಾಗಿದ್ದರು.

ನನ್ನ ಹವ್ಯಾಸವನ್ನು ನಿಮಗೆ ಹೇಳಿಬಿಡುವುದು ಒಳ್ಳೆಯದು. ನಗುವುದಿದ್ದರೆ ಈಗಲೇ ನಕ್ಕುಬಿಡಿ. ಹೆಬ್ಬೆರಳಿನ ಅರ್ಧದಷ್ಟಿರುವ ಪ್ಲಾಸ್ಟಿಕ್ ಸಿಪಾಯಿಗಳಿಗೆ ನಾನು ಬಣ್ಣ ಬಳಿಯುತ್ತೇನೆ. ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವನು, ತಲೆ ನೆರೆತವನು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಉಸಿರು ಬಿಗಿಹಿಡಿದು ಒಬ್ಬ ಸಿಪಾಯಿಯ ಮೀಸೆ ತಿದ್ದುತ್ತಿರುತ್ತೇನೆ. ಹೀಗೆ ಸಿದ್ಧವಾದ ಎರಡು ಸೈನ್ಯಗಳನ್ನು ಮೇಜಿನ ಮೇಲೆ ಎದುರುಬದುರು ನಿಲ್ಲಿಸಿ, ಅಳತೆಪಟ್ಟಿ ಹಿಡಿದು ಮುಂದೆ ನಡೆಸಿ, ದಾಳ ಉರುಳಿಸಿ ಯಾರು ಉಳಿದರು, ಯಾರು ಬಿದ್ದರು ಎಂದು ತೀರ್ಮಾನಿಸುವ ಆಟವೊಂದಿದೆ. ಅದಕ್ಕಾಗಿ ಈ ಶೃಂಗಾರವೆಲ್ಲ.

ಇಡೀ ಜಿಲ್ಲೆಯಲ್ಲಿ ಇಂಥ ಹುಚ್ಚ ನಾನೊಬ್ಬನೇ ಎಂದುಕೊಂಡಿದ್ದೆ. ಒಂದು ದಿನ ಹಾಸನದ ಸ್ಟೇಷನರಿ ಅಂಗಡಿಯಲ್ಲಿ ಅತಿ ಸಣ್ಣ ಬ್ರಷ್ ಕೇಳಿದೆ. ಇದ್ದದ್ದು ಒಂದೇ. ಅದನ್ನು ಆಗಲೇ ಕೈಯಲ್ಲಿ ಹಿಡಿದು ಕೂದಲು ಪರೀಕ್ಷಿಸುತ್ತಿದ್ದವರು ಹಣೆಗೆ ವಿಭೂತಿ ಧರಿಸಿದ್ದ, ಸಿಮೆಂಟು ದೂಳಿನ ಅಂಗಿಯ ದಪ್ಪ ಮನುಷ್ಯರು. ನನ್ನ ಕಡೆ ತಿರುಗಿ, "ಯಾವ ದೇವ್ರು ಬರೀತೀರಿ ಸಾ?" ಎಂದರು. ದೇವರಲ್ಲ, ಸಿಪಾಯಿ ಎಂದೆ, ಸ್ವಲ್ಪ ನಾಚಿಕೊಂಡೇ. ಅವರು ಒಂದು ಗಳಿಗೆ ನನ್ನನ್ನೇ ನೋಡಿ, ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಒಳಗೆ ಹತ್ತಿಯ ಹಾಸಿಗೆಯಲ್ಲಿ ಈಟಿ ಹಿಡಿದ ಸಿಪಾಯಿಯೊಬ್ಬ ಮಲಗಿದ್ದ. ಬ್ರಷ್ಷನ್ನು ಅವರೇ ಕೊಂಡರು. ಆದರೆ ಕಾಫಿ ಕುಡಿಸಿ, ಭಾನುವಾರ ಬಾಗೂರಿಗೆ ಬರಬೇಕೆಂದು ಮಾತು ತೆಗೆದುಕೊಂಡೇ ಬಿಟ್ಟರು.

ಚಂದ್ರಣ್ಣನವರದು ಸಿಮೆಂಟು, ಕಬ್ಬಿಣದ ವ್ಯಾಪಾರ. ಅಂಗಡಿಯ ಹಿಂದೆಯೇ ಮನೆ. ನಡುಮನೆಯಲ್ಲಿ ಹಳೆಯ ಬಾಗಿಲೊಂದನ್ನು ಎರಡು ಸ್ಟೂಲುಗಳ ಮೇಲೆ ಮಲಗಿಸಿ ರಣರಂಗ ಮಾಡಿದ್ದರು. ಅವರ ತಾಯಿಯ ತವರು ಅರಕಲಗೂಡು. ನನ್ನೂರು ಹೊಳೆನರಸೀಪುರದ ಹತ್ತಿರದ ಹಳೇಕೋಟೆ. ಹಾಗಾಗಿ ಆ ಎರಡು ಸೀಮೆಯ ಪಾಳೇಗಾರರು ಹೇಮಾವತಿಯ ದಡದಲ್ಲಿ ಎದುರಾದರು ಎಂದು ಒಂದು ಯುದ್ಧವನ್ನು ನಾವೇ ಹುಟ್ಟಿಸಿ, ಆ ಬಾಗಿಲ ಹಲಗೆಯ ನಡುವೆ ನೀಲಿ ಬಣ್ಣದಲ್ಲಿ ಹೊಳೆ ಬಳಿದೆವು. ಇಂಥ ಯುದ್ಧ ನಡೆದದ್ದಕ್ಕೆ ಆಧಾರ ಕೇಳಬೇಡಿ. ತರಗತಿಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಸೊನ್ನೆ ಕೊಡುತ್ತಿದ್ದೆ. ನಮ್ಮ ಪಾಳೇಗಾರರ ದಂಡು ಯಾವ ಪೆಟ್ಟಿಗೆಯಲ್ಲೂ ಸಿಗುವುದಿಲ್ಲವಲ್ಲ. ಎಲ್ಲಿಯದೋ ದೇಶದ ಸಿಪಾಯಿಗಳನ್ನು ತರಿಸಿ, ಟೋಪಿ ಕತ್ತರಿಸಿ, ಪೈಪಿನ ಸೋರಿಕೆಗೆ ಮೆತ್ತುವ ಅಂಟಿನಿಂದ ರುಮಾಲು ಸುತ್ತಿದೆವು.

ನನ್ನ ಸಿಪಾಯಿಗಳು ಮದುವೆ ದಿಬ್ಬಣಕ್ಕೆ ಹೊರಟಂತಿರುತ್ತಿದ್ದರು. ಚಂದ್ರಣ್ಣನವರದು ಬೇರೆ ರೀತಿ. ಮೊದಲು ಚೆಂದವಾಗಿ ಬಣ್ಣ ಬಳಿದು, ಆಮೇಲೆ ಅದನ್ನು ಕೆಡಿಸುತ್ತಿದ್ದರು. ಕಂದು ಬಣ್ಣವನ್ನು ನೀರಾಗಿಸಿ ಬಟ್ಟೆಯ ಮಡಿಕೆಗಳಿಗೆ ಇಳಿಬಿಡುವುದು, ಗುರಾಣಿಯ ಅಂಚು ಕೆರೆಯುವುದು, ಇಟ್ಟಿಗೆಯ ಪುಡಿಯನ್ನು ಬಟ್ಟೆಯಲ್ಲಿ ಸೋಸಿ ಕಾಲಿಗೆ ಹಚ್ಚುವುದು. "ಅರಕಲಗೂಡಿಂದ ನಡ್ಕೊಂಡ್ ಬಂದವ್ರೆ ಮೇಷ್ಟ್ರೇ. ಕಾಲು ತೊಳ್ಕೊಂಡು ಯುದ್ಧಕ್ ನಿಂತಾರಾ?" ಎನ್ನುತ್ತಿದ್ದರು. ಅವರು ಮುಗಿಸಿದ ಸಿಪಾಯಿಯನ್ನು ಅಂಗೈಯಲ್ಲಿಟ್ಟುಕೊಂಡರೆ ಅವನ ಮೈಯ ಆಯಾಸ ನಮಗೆ ತಿಳಿಯುತ್ತಿತ್ತು.

ಬಣ್ಣ ಕಾಣದ ಸಿಪಾಯಿ ಮೇಜು ಹತ್ತಕೂಡದು ಎಂಬುದು ನಾವಿಬ್ಬರೂ ಮಾಡಿಕೊಂಡ ಕಟ್ಟಳೆ. ಎಲ್ಲ ಎಡವಟ್ಟಿಗೂ ಅದೇ ಮೂಲ. ದಸರೆಗೆ ಆಡೋಣ ಎಂದುಕೊಂಡೆವು, ಕುದುರೆಗಳು ಸಿದ್ಧವಾಗಿರಲಿಲ್ಲ. ಸಂಕ್ರಾಂತಿಗೆ ಎಂದೆವು, ಅಷ್ಟರಲ್ಲಿ ನಮ್ಮ ಕೈ ಪಳಗಿ, ಮೊದಲು ಬಳಿದವರೆಲ್ಲ ಪೆದ್ದುಪೆದ್ದಾಗಿ ಕಂಡು, ಅವರ ಬಣ್ಣ ತೊಳೆದು ಮತ್ತೆ ಶುರುಮಾಡಿದೆವು. ವರ್ಷಗಳು ಹೀಗೇ ಉರುಳಿದವು. ಚಂದ್ರಣ್ಣನವರ ಹೆಂಡತಿ ಗೌರಕ್ಕ ಕಾಫಿ ಲೋಟ ಇಡಲು ಜಾಗ ಹುಡುಕುತ್ತ, "ನಿಮ್ ದಂಡು ಹೊಂಡೋದ್ರೊಳಗೆ ನಮ್ ಎಮ್ಮೆ ಮೊಮ್ಮಕ್ಕಳ ಕಂಡಿರ್ತದೆ" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಕಾಯುವುದರಲ್ಲೂ ಒಂದು ಸುಖವಿತ್ತು, ಸುಳ್ಳೇಕೆ ಹೇಳಲಿ.

ಒಂದು ಭಾನುವಾರ ಹೋದಾಗ ಅವರ ಹೊಸ ಬಿಲ್ಲುಗಾರರು ಸಾಲಾಗಿ ಒಣಗುತ್ತಿದ್ದರು. ಕಾಲಿನಿಂದ ರುಮಾಲಿನವರೆಗೆ ಒಂದೇ ಕಂದು, ಮುಖಕ್ಕೂ ಕೆಸರು. ಹೊಳೆ ದಾಟುವಾಗ ಮುಗ್ಗರಿಸಿ ಬಿದ್ದವರಿರಬೇಕು, ಇದೂ ಅವರದೊಂದು ಹೊಸ ಯೋಚನೆ ಎಂದು ನಾನು ಮೆಚ್ಚಿಕೊಳ್ಳುತ್ತಿದ್ದೆ. ಚಂದ್ರಣ್ಣ ಮೆಲ್ಲಗೆ, "ಕೆಸರು ಜಾಸ್ತಿ ಆಯ್ತಾ ಮೇಷ್ಟ್ರೇ? ನಂಗೆ ಸರಿಯಾಗ್ ಕಾಣ್ತಿಲ್ಲ" ಎಂದರು.

ಸಕ್ಕರೆ ಕಾಯಿಲೆ ಅವರಿಗೆ ಬಹಳ ಕಾಲದಿಂದ ಇತ್ತು. ಅದು ಕಣ್ಣಿಗೆ ಇಳಿದಿತ್ತು. ಹಾಸನದ ಡಾಕ್ಟರು ಕಣ್ಣಿನ ಹಿಂಪರದೆಯಲ್ಲಿ ರಕ್ತ ಒಸರಿದೆ ಎಂದರು. ಲೇಸರ್ ಕೊಟ್ಟರು, ಇಂಜೆಕ್ಷನ್ ಕೊಟ್ಟರು. ಆ ಓಡಾಟದಲ್ಲೆಲ್ಲ ನಾನೂ ಜೊತೆಗಿದ್ದೆ. ಕೊನೆಗೆ ಉಳಿದದ್ದು ಬೆಳಕು ಯಾವುದು, ನೆರಳು ಯಾವುದು ಎಂದು ತಿಳಿಯುವಷ್ಟು ಮಾತ್ರ. ಅಂಗಡಿಯನ್ನು ಅವರ ತಮ್ಮ ನೋಡಿಕೊಳ್ಳತೊಡಗಿದರು. ಈಗಲಾದರೂ ಆಡೋಣ ಎಂದು ನಾನು ಕೇಳಿದರೆ ಚಂದ್ರಣ್ಣ ಗೋಡೆಯ ಕಡೆ ತಿರುಗಿ ಕೂರುತ್ತಿದ್ದರು. ಸಿಪಾಯಿಗಳ ಮಾತೆತ್ತಿದರೆ ಮಳೆ ಬೆಳೆಯ ವಿಷಯ ತೆಗೆಯುತ್ತಿದ್ದರು. ನಾನೂ ಒತ್ತಾಯ ಬಿಟ್ಟೆ. ನನ್ನ ಬ್ರಷ್ಷುಗಳು ಹಾಗೇ ಒಣಗಿದವು.

ಕೆಸರಿನ ಪ್ಯಾಂಟು ನೋಡಿದ ಸಂಜೆಯೇ ಗೌರಕ್ಕನಿಗೆ ಫೋನು ಮಾಡಿದೆ. ಅವರು ದನಿ ತಗ್ಗಿಸಿ, ತಾವು ಕೆಲಸದಲ್ಲಿದ್ದಾಗ ಚಂದ್ರಣ್ಣ ಸಿಪಾಯಿಗಳ ಪೆಟ್ಟಿಗೆ ತೆಗೆದು ಒಬ್ಬೊಬ್ಬನನ್ನೇ ಬೆರಳಲ್ಲಿ ಸವರಿ ಮತ್ತೆ ಇಡುತ್ತಾರೆಂದು ಹೇಳಿದರು. "ಕೇಳ್ಬ್ಯಾಡಿ ಮೇಷ್ಟ್ರೇ. ಕೇಳುದ್ರೆ ಬ್ಯಾಡ ಅಂತಾರೆ. ಸುಮ್ಕೆ ಬಂದ್ಬುಡಿ."

ಭಾನುವಾರ ನನ್ನ ಸಿಪಾಯಿಗಳ ಪೆಟ್ಟಿಗೆಯೊಂದಿಗೆ ಚನ್ನರಾಯಪಟ್ಟಣದ ಬಸ್ಸು ಹಿಡಿದು, ಅಲ್ಲಿಂದ ಬಾಗೂರಿಗೆ ಹೋದೆ. ಏನೂ ಕೇಳದೆ ಬಾಗಿಲ ಹಲಗೆಯನ್ನು ಸ್ಟೂಲುಗಳ ಮೇಲಿಟ್ಟು ಎರಡೂ ಸೈನ್ಯಗಳನ್ನು ನಿಲ್ಲಿಸತೊಡಗಿದೆ. ಚಂದ್ರಣ್ಣ ಸದ್ದು ಕೇಳಿಸಿಕೊಳ್ಳುತ್ತ ಕೂತಿದ್ದರು. ಆಮೇಲೆ ತಾವೇ ಕುರ್ಚಿ ಎಳೆದುಕೊಂಡು ಬಂದು, ಹಲಗೆಯ ಅಂಚು ತಡವಿ, ತಮ್ಮ ಸಾಲನ್ನು ಒಂದು ತುದಿಯಿಂದ ಮುಟ್ಟುತ್ತ ಹೋದರು. ಬೆರಳು ಆಡಿ ಆಡಿ ಆ ಸಿಪಾಯಿಗಳ ಮೂಗಿನ, ಭುಜದ ಬಣ್ಣ ಸವೆದು ಕೆಳಗಿನ ಬೂದು ಪ್ಲಾಸ್ಟಿಕ್ಕು ಕಾಣುತ್ತಿತ್ತು. ನಾನು ಅದನ್ನು ಅವರಿಗೆ ಹೇಳಲಿಲ್ಲ.

"ಎಂಗ್ ಕಾಣ್ತದೆ ಮೇಷ್ಟ್ರೇ?" ಎಂದರು.

ನಾನು ಹಲಗೆಯ ಮಟ್ಟಕ್ಕೆ ಬಗ್ಗಿ ನೋಡಿದೆ. ಕಿಟಕಿಯ ಬಿಸಿಲು ನಿಮ್ಮ ಕುದುರೆಗಳ ಮೇಲೆ ಬಿದ್ದಿದೆ, ಈಟಿಗಳ ನೆರಳು ಹೊಳೆಯವರೆಗೂ ಚಾಚಿದೆ, ನಿಮ್ಮವರು ದೂರದಿಂದ ನಡೆದು ಬಂದವರಂತೆ ಕಾಣುತ್ತಾರೆ, ನನ್ನವರು ಬೀಗರೂಟಕ್ಕೆ ಬಂದವರಂತೆ ಎಂದೆ. ಅವರ ಮುಖದಲ್ಲಿ ನಗು ಬಂತು. ಬಂದಷ್ಟೇ ಬೇಗ ಹೋಯಿತು.

"ಆಗ್ಲೇ ಆಡ್ಬೇಕಿತ್ತು ಕಣ್ರೀ," ಎಂದರು. "ಆ ಪೆದ್ದ್ ಪೆದ್ದ್ ಸಿಪಾಯಿಗಳ್ ಇಟ್ಕಂಡೇ."

ಹೌದು ಚಂದ್ರಣ್ಣ ಎಂದೆ. ಗೌರಕ್ಕ ಬಾಗಿಲಲ್ಲಿ ಸೆರಗು ಹಿಡಿದು ನಿಂತಿದ್ದರು.

ಅವರ ಅಂಗೈಯಲ್ಲಿ ದಾಳ ಇಟ್ಟೆ. ಅರಕಲಗೂಡಿನ ಕುದುರೆಗಳು ಹೊಳೆ ದಾಟಬೇಕಿತ್ತು; ನಾಲ್ಕಕ್ಕಿಂತ ಕಡಿಮೆ ಬಿದ್ದರೆ ನೀರಲ್ಲೇ ಹೋದಂತೆ. ಅವರು ದಾಳವನ್ನು ಬಹಳ ಹೊತ್ತು ಕೈಯಲ್ಲಿ ಆಡಿಸಿ ಉರುಳಿಸಿದರು. ಅದು ಹಲಗೆ ದಾಟಿ ನೆಲಕ್ಕೆ ಬಿತ್ತು. ಮೊಣಕಾಲೂರಿ ಕುರ್ಚಿಯ ಕೆಳಗೆ ಬಗ್ಗಿ ನೋಡಿದೆ. ಆರು ಎಂದು ಸುಳ್ಳು ಹೇಳಬಹುದಿತ್ತು. ಮೇಲೆ ಚಂದ್ರಣ್ಣ ಕುತ್ತಿಗೆ ಮುಂದೆ ಚಾಚಿ ಕಾಯುತ್ತಿದ್ದರು, ನಿಜವಾದ ಆಟಗಾರನ ಹಾಗೆ.

"ಒಂದು ಬಿದ್ದಿದೆ ಚಂದ್ರಣ್ಣ," ಎಂದೆ.

ಅವರು ತೊಡೆ ತಟ್ಟಿಕೊಂಡರು. ಆಮೇಲೆ ಕೈ ಚಾಚಿ ತಮ್ಮ ಕುದುರೆಗಳನ್ನು ಒಂದೊಂದಾಗಿ ಹುಡುಕಿ, ತಾವೇ ಮಗ್ಗುಲಿಗೆ ಮಲಗಿಸಿದರು.

"ಓಗ್ಲಿ. ಕಾಲಾಳು ಇನ್ನೂ ಅವ್ರೆ," ಎಂದರು. "ನಿಮ್ದ್ ನಡೆಸ್ರಿ ಮೇಷ್ಟ್ರೇ."