ಅಲ್ಲ ಅನ್ನಾಕ ಬರಂಗಿಲ್ಲ

ಸವಣೂರಿನ ಹಮೀದುನ್ನೀಸಾಗೆ ಎಲೆ ಎಣಿಸಲು ಕಣ್ಣು ಬೇಕಿರಲಿಲ್ಲ. ಮೂವತ್ತು ವರ್ಷದಿಂದ ವೀಳ್ಯದೆಲೆಯ ಕಟ್ಟು ಕಟ್ಟಿದವಳು. ಬಾಯಿ ಓಣಿಯ ಸುದ್ದಿಯಲ್ಲಿದ್ದರೂ ಬೆರಳು ತಪ್ಪುತ್ತಿರಲಿಲ್ಲ. ಆ ಬೆರಳುಗಳಿಂದ ಮುಂಗೈ ತನಕ ಬಿಳಿ ಕಲೆ ಎದ್ದಾಗ ಡಾಕ್ಟರು ಚೂರು ಚರ್ಮ ತೆಗೆದು ಹುಬ್ಬಳ್ಳಿಯ ಲ್ಯಾಬಿಗೆ ಕಳಿಸಿದರು.

ವಾರದ ಮೇಲೆ ಬಂದ ರಿಪೋರ್ಟನ್ನು ಡಾಕ್ಟರು ಎರಡೆರಡು ಸಲ ಓದಿದರು.

“ಕುಷ್ಠ ಅಲ್ಲ ಅನ್ನಾಕ ಬರಂಗಿಲ್ಲ ಅಂತ ಬರದಾರ್ರಿ.”

“ಅಂದ್ರ ಐತೋ, ಇಲ್ಲೋ?”

“ಐತಿ ಅಂತನೂ ಬರದಿಲ್ರಿ. ಹದಿನೈದು ದಿನ ಬಿಟ್ಟು ಬರ್ರಿ, ನೋಡೂಣು.”

ಇದೆಂಥಾ ಮಾತು! ದಾರಿಯುದ್ದಕ್ಕೂ ಅದನ್ನೇ ತಿರುವಿಹಾಕಿದಳು. ‘ಅಲ್ಲ’ ಹಿಡಿದರೆ ಬದುಕಿದೆ, ‘ಬರಂಗಿಲ್ಲ’ ಹಿಡಿದರೆ ಸತ್ತೆ. ಎರಡು ಇಲ್ಲ ಸೇರಿದರೆ ಹೌದು ಆಗುತ್ತದೋ ಏನೋ, ಯಾರನ್ನು ಕೇಳುವುದು? ಕೇಳಿದರೆ ಊರಿಗೆಲ್ಲ ಡಂಗುರ.

ಬಾಣಂತನಕ್ಕೆ ಬಂದಿದ್ದ ಮಗಳು ತಸ್ಲೀಮಾ ಕೂಸನ್ನು ಕೊಡಲು ಬಂದಾಗಲೆಲ್ಲ ಹಮೀದುನ್ನೀಸಾ ಕೈ ಹಿಂದಕ್ಕೆಳೆದುಕೊಂಡಳು. ಕೂಸಿಗೆ ಅಂಟಿದರೆ?

“ಹೆಣ್ಣಕೂಸಂತ ಬ್ಯಾಸರೇನ ಅಮ್ಮೀ?” ತಸ್ಲೀಮಾ ಸಿಡಿದಳು.

ಹಮೀದುನ್ನೀಸಾ ಕೈಗಳನ್ನು ಸೆರಗಿನಡಿ ಮುಚ್ಚಿಕೊಂಡು ಹಿತ್ತಿಲಿಗೆ ನಡೆದಳು.

ಐದನೆಯ ದಿನಕ್ಕೇ ಹೋಗಿ ಡಾಕ್ಟರ ಮುಂದೆ ಕೂತಳು. “ನಿಮಗೂ ತಿಳೀವಲ್ದು, ನನಗೂ ತಿಳೀವಲ್ದು. ಬರದವ್ರನ್ನ ಕೇಳ್ರಲಾ!”

ಡಾಕ್ಟರು ತಲೆ ಕೆರೆದುಕೊಂಡು ಫೋನು ಹಚ್ಚಿದರು. ಲ್ಯಾಬಿನ ಡಾಕ್ಟರಮ್ಮನ ದನಿ ಹಮೀದುನ್ನೀಸಾಗೂ ಕೇಳುವಷ್ಟು ಜೋರಾಗಿತ್ತು.

“ನೀವು ಕಳಿಸಿದ ಚೀಟ್ಯಾಗ ‘ಕೈ, ಬಿಳಿ ಕಲೆ’ ಅಂತ ಇಷ್ಟ ಬರದ್ರ ನಾ ಏನ್ ತಿಳ್ಕೋಬೇಕ್ರಿ? ಕುಷ್ಠ ಇದ್ರ ಕಲೆ ಮ್ಯಾಲ ಮುಟ್ಟಿದ್ದು ಗೊತ್ತಾಗಂಗಿಲ್ಲ, ಇವ್ರಿಗೆ ಗೊತ್ತಾಕ್ಕೈತೇನು? ಅವ್ರು ಕೆಲಸ ಏನ್ ಮಾಡ್ತಾರ?”

ಕೆಲಸವೇನೆಂದು ಡಾಕ್ಟರು ಕೇಳಿಯೇ ಇರಲಿಲ್ಲ! ಅವಳ ಕಣ್ಣು ಮುಚ್ಚಿಸಿ ಕಲೆಗಳಿಗೆ ಹತ್ತಿಯ ಎಳೆ ತಾಗಿಸಿದರು. ತಾಗಿಸಿದಾಗಲೆಲ್ಲ “ಇಲ್ಲೇ, ಇಲ್ಲೇ” ಎಂದಳು. ಎಲೆಯ ಕೆಲಸವನ್ನೂ ಹೇಳಿದಳು. ಡಾಕ್ಟರು ಎರಡನ್ನೂ ಫೋನಿನಲ್ಲಿ ತಿಳಿಸಿದರು.

ಡಾಕ್ಟರಮ್ಮ ಅದೇ ಚೂರನ್ನು ಮತ್ತೆ ಪರೀಕ್ಷಿಸಿದರು. ಮೂರು ದಿನಕ್ಕೆ ಹೊಸ ರಿಪೋರ್ಟು ಬಂತು.

“ಕುಷ್ಠ ಅಲ್ಲ,” ಡಾಕ್ಟರು ಓದಿ ಹೇಳಿದರು. “ಎಲಿ ರಸಕ್ಕ ಬಣ್ಣ ಹೋಗಿರಬೇಕು. ಯಾರಿಗೂ ಅಂಟೂದಿಲ್ರಿ. ಆದ್ರ ಇನ್ನ ನೀವು ಎಲಿ ಮುಟ್ಟಬ್ಯಾಡ್ರಿ.”

ಈ ಸಲ ಒಂದೊಂದು ಮಾತೂ ಸರಿಯಾಗಿ ತಿಳಿಯಿತು. ನಗಬೇಕೋ ಅಳಬೇಕೋ ಮಾತ್ರ ತಿಳಿಯಲಿಲ್ಲ. ಮನೆಗೆ ಬಂದವಳೇ ಕೂಸನ್ನು ಎತ್ತಿ ಎದೆಗೊತ್ತಿಕೊಂಡಳು. ಕಣ್ಣೀರು ದಳದಳ ಇಳಿಯಿತು.

ತಸ್ಲೀಮಾ ಗಾಬರಿಯಾದಳು. “ಯಾಕಮ್ಮೀ, ಏನಂದ್ರು ಡಾಕ್ಟರು?”

“ರೋಗ ಇಲ್ಲಂತ,” ಅಂದಳು ಹಮೀದುನ್ನೀಸಾ. “ನಾಳಿಂದ ಕೆಲಸಾನೂ ಇಲ್ಲ.”