ಸರಾಸರಿ ಬಸ್ಸಿಗೆ ಹತ್ತಿದವರಿಲ್ಲ

ನಮ್ಮ ಕಡೆ ಬಸ್‌ಸ್ಟಾಪಿನಲ್ಲಿ ನಿಂತು 'ಬಸ್ಸು ಬಂತಾ?' ಎಂದು ಕೇಳಿದರೆ ಸಿಗುವ ಉತ್ತರಗಳು ಎರಡೇ. ಒಂದು, 'ಈಗ್ತಾನೆ ಓಯ್ತು ಕಣಪ್ಪ'. ಇನ್ನೊಂದು, 'ಇನ್ನೇನ್ ಬತ್ತದೆ, ಕೂತ್ಕೊ'. ಮಂಡ್ಯದಿಂದ ಮಳವಳ್ಳಿಯವರೆಗೆ ಯಾವ ಊರಿನ ಯಾವ ಕಟ್ಟೆಯ ಮೇಲೆ ವಿಚಾರಿಸಿದರೂ ಮೂರನೆಯ ಉತ್ತರ ದೊರೆತ ನಿದರ್ಶನ ನನ್ನ ಇಪ್ಪತ್ತಾರು ವರ್ಷದ ಅನುಭವದಲ್ಲಿಲ್ಲ. ಭೂತ ಭವಿಷ್ಯಗಳು ಮಾತ್ರ ಇರುವ ಈ ಲೋಕದಲ್ಲಿ ವರ್ತಮಾನಕ್ಕೆ, ಅಂದರೆ ಕಣ್ಣೆದುರಿಗೆ ಬಂದು ನಿಂತಿರುವ ಬಸ್ಸಿಗೆ, ಜಾಗವೇ ಇಲ್ಲ. ಇದನ್ನು ನಾನು ವರ್ಷಗಟ್ಟಲೆ ತಮಾಷೆಯೆಂದೇ ಭಾವಿಸಿ, ಗೆಳೆಯರ ಮುಂದೆ ಹಲ್ಲಿಲ್ಲದ ಅಜ್ಜನ ದನಿಯಲ್ಲಿ ಅಭಿನಯಿಸಿ, ಚಪ್ಪಾಳೆ ಗಿಟ್ಟಿಸಿಕೊಂಡಿದ್ದೇನೆ. ಈಗ ಅದೇ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ. ನಿಮ್ಮ ಬಸ್ಸು ಹೇಗೂ ಇನ್ನೇನು ಬರುತ್ತದೆ.

ಮೊದಲು ನನ್ನ ಪರಿಚಯ. ಮಳವಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಗಣಿತದ ಅತಿಥಿ ಶಿಕ್ಷಕ. ಅತಿಥಿಯೆಂದರೆ ಉಪಚಾರವಿರುತ್ತದೆಂದು ತಿಳಿಯಬೇಡಿ. ಯಾವಾಗ ಬೇಕಾದರೂ ಎದ್ದು ಹೋಗೆನ್ನಬಹುದಾದ ಪ್ರಾಣಿಗೆ ನಮ್ಮ ಇಲಾಖಾ ಭಾಷೆಯಲ್ಲಿ ಆ ಗೌರವನಾಮ. ಮದ್ದೂರಿನ ಮನೆಯಿಂದ ದಿನವೂ ಹೋಗಿಬರುತ್ತೇನೆ, ಪಕ್ಕದ ಮನೆಯವರ ಕಾರು ಸಿಕ್ಕರೆ ಅದರಲ್ಲಿ, ಇಲ್ಲವಾದರೆ ಬೈಕಿನಲ್ಲಿ. ಗಣಿತ ನನ್ನ ಜೀವನೋಪಾಯವಾದರೆ ಅನುಕರಣೆ ನನ್ನ ಜನ್ಮಜಾತ ವ್ಯಾಧಿ. ಮಾತಿಗೆ ಮೊದಲು ಮೂರು ಸಲ ಗಂಟಲು ಸರಿಮಾಡಿಕೊಳ್ಳುವ ನಮ್ಮ ಮುಖ್ಯೋಪಾಧ್ಯಾಯರು, ಹಾಜರಿ ಕೂಗಿದಾಗ ನಿದ್ದೆಯಿಂದ ಎದ್ದು 'ಎಸ್ಸಾ' ಎನ್ನುವ ಕೊನೆಯ ಬೆಂಚಿನವರು, ಸಂದರ್ಶನಕ್ಕೆ ಹೋದಾಗ ನನ್ನ ತೊಡೆ ನಡುಗಿದ ರೀತಿ, ಎಲ್ಲವೂ ನನ್ನ ಭಂಡಾರದಲ್ಲಿವೆ. ಮಕ್ಕಳಿಗೆ ನನ್ನ ತರಗತಿಯೆಂದರೆ ಪ್ರೀತಿ. ಗಣಿತದ ಮೇಲಿನ ಪ್ರೀತಿಯಲ್ಲ ಅದು, ಪುಕ್ಕಟೆ ನಾಟಕದ ಮೇಲಿನದು.

ಒಂಬತ್ತನೇ ತರಗತಿಗೆ ದತ್ತಾಂಶದ ಪಾಠ ಬಂತು. ಪುಸ್ತಕದ ಮಕ್ಕಳು ತಮಗೆ ಇಷ್ಟವಾದ ಹಣ್ಣುಗಳ ಸ್ತಂಭಾಲೇಖ ಬರೆದಿದ್ದರು. ಸೇಬಿನ ಕಂಬ ಅತಿ ಎತ್ತರ. ಜ್ವರ ಬಂದಾಗ ಮಾತ್ರ ಸೇಬು ಕಾಣುವ ನನ್ನ ಮಕ್ಕಳು ಅದನ್ನು ಪರಮ ನಿರ್ಲಿಪ್ತಿಯಿಂದ ನೋಡಿದರು. ನನಗೆ ಆಗಲೇ ಒಂದು ಸಣ್ಣ ಸಿಟ್ಟು ಬಂದಿತ್ತು. ಎಣಿಸುವುದನ್ನು ಕಲಿಸುತ್ತೇವೆ ಸರಿ, ಆದರೆ ಎಣಿಸಿದರೆ ಯಾರಿಗೂ ಯಾವ ತೊಂದರೆಯೂ ಆಗದಂಥದ್ದನ್ನೇ ಯಾಕೆ ಹುಡುಕಿ ಹುಡುಕಿ ಎಣಿಸಲು ಕೊಡುತ್ತೇವೆ? ಹಣ್ಣು, ಬಣ್ಣ, ಆಟ, ಹುಟ್ಟುಹಬ್ಬದ ತಿಂಗಳು. ಮಕ್ಕಳ ಕೈಗೆ ಮೊಂಡು ಕತ್ತರಿ ಕೊಡುವ ಹಾಗೆ ಮೊಂಡು ಲೆಕ್ಕ.

ಹಾಗಾಗಿ ಹೇಳಿದೆ: 'ಸೇಬು ಆಚೆಗಿಡಿ. ನೀವು ದಿನಾ ನೋಡುವ ಯಾವುದನ್ನಾದರೂ ಇಪ್ಪತ್ತು ಶಾಲಾದಿನ ಬರೆದುಕೊಂಡು ಬನ್ನಿ. ಕೇಳಿದ್ದು ಬೇಡ, ಗಡಿಯಾರ ನೋಡಿ ಬರೆಯಿರಿ. ಬೇರೆಯವರು ಹೇಳಿದ್ದಾದರೆ ಯಾರು ಹೇಳಿದರು ಅಂತ ಪಕ್ಕದಲ್ಲಿ ಬರೆಯಿರಿ.' ಎಣಿಸಲು ಗೆರೆ ಹಾಕುವುದನ್ನೂ ಕಲಿಸಿದೆ: ನಾಲ್ಕು ನಿಂತ ಗೆರೆ, ಐದನೆಯದು ಅಡ್ಡ, ಅದೊಂದು ಕಟ್ಟು.

ಪೂರಿಗಾಲಿ ಕಡೆಯ ಒಂದು ಹಳ್ಳಿಯಿಂದ ಬರುವ ಸಿಂಚನ ಎಂಬ ಹುಡುಗಿ ಬಸ್ಸನ್ನು ಆರಿಸಿಕೊಂಡಳು. ಆರಿಸಿಕೊಳ್ಳಲು ಅವಳಿಗೆ ಕಾರಣವಿತ್ತು. ಬೆಳಗ್ಗೆ ತಾಯಿ ಕಬ್ಬಿನ ಗದ್ದೆಯ ಕೂಲಿಗೆ ಹೊರಟಮೇಲೆ ಹಾಲು ಕರೆದು ಡೇರಿಗೆ ಹಾಕಿ, ಸ್ಟಾಪಿಗೆ ಬರುವಷ್ಟರಲ್ಲಿ ಎಂಟೂ ಮುಕ್ಕಾಲು. ಬಸ್ಸಿನ ವೇಳೆ ಒಂಬತ್ತು. ಆ ದಾರಿಯಲ್ಲಿ ಓಡುವುದು ಎರಡು ಖಾಸಗಿ ಬಸ್ಸುಗಳು, ಒಂದಕ್ಕೊಂದು ಆಗದು. ಎದುರಾಳಿ ಮುಂದಿದ್ದರೆ ಈ ಒಂಬತ್ತರ ಬಸ್ಸು ಎಂಟೂವರೆಗೇ ಹಾರಿಹೋಗುತ್ತದೆ, ಹಿಂದಿದ್ದರೆ ಜನ ತುಂಬುವವರೆಗೆ ಊರೂರಲ್ಲಿ ಬೇರು ಬಿಡುತ್ತದೆ. ಮುಂಚೆ ಹೋದ ದಿನ ಅವಳು ಬಸ್ಸು ತಪ್ಪಿಸಿಕೊಂಡು, ದಾರಿಯಲ್ಲಿ ಸಿಕ್ಕ ಗಾಡಿ ಹತ್ತಿ ತಡ, ತಡವಾಗಿ ಬಂದ ದಿನ ಬಸ್ಸು ಹತ್ತಿಯೂ ತಡ. ಹತ್ತು ಗಂಟೆಯ ಮೊದಲ ಪಿರಿಯಡ್ಡಿಗೆ, ಅಂದರೆ ನನ್ನದಕ್ಕೆ, ಬ್ಯಾಗು ಒಂದು ಕಡೆ ಜಡೆ ಒಂದು ಕಡೆಯಾಗಿ ಓಡಿಬಂದು, 'ಸಾ... ಬಸ್ಸು ಸಾ...' ಎಂದು ಬಾಗಿಲು ಹಿಡಿದು ಏದುಸಿರು ಬಿಡುವುದು ಅವಳ ನಿತ್ಯಕರ್ಮ. ಆ ಏದುಸಿರನ್ನು ನಾನು ಬಹಳ ಚೆನ್ನಾಗಿ ಅನುಕರಿಸುತ್ತಿದ್ದೆ. ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು. ಅವಳೂ ನಗುತ್ತಿದ್ದಳು, ನಕ್ಕಳೆಂದೇ ನಾನು ತಿಳಿದಿದ್ದೆ.

ಈ ತಡಕ್ಕೆ ನಮ್ಮ ಮುಖ್ಯೋಪಾಧ್ಯಾಯರು ಒಂದು ನಿಯಮ ಬರೆಸಿ ನೋಟಿಸ್ ಬೋರ್ಡಿಗೆ ಅಂಟಿಸಿದ್ದರು. ಮೂರು ತಡ ಸೇರಿದರೆ ಒಂದು ಗೈರುಹಾಜರಿ. ತರಗತಿಯ ಹೊಣೆ ನನ್ನದಾದ್ದರಿಂದ ಕೆಂಪು ಚುಕ್ಕೆ ಇಡುವ ಪುಣ್ಯಕಾರ್ಯವೂ ನನ್ನದೇ. ಹಾಗೆ ಚುಕ್ಕೆ ಸೇರಿ ಸೇರಿ ಸಿಂಚನಳ ಹಾಜರಿ ಪರೀಕ್ಷೆಗೆ ಕೂರಿಸಲಾಗದ ಮಟ್ಟಕ್ಕೆ ಬಂದು ನಿಂತಿತ್ತು, ಅವಳ ಅಪ್ಪನಿಗೆ ಪತ್ರವೂ ಹೋಗಿತ್ತು. ಪರೀಕ್ಷೆಗೆ ಕೂರಿಸದಿದ್ದರೆ ಓದು ಬಿಡಿಸುತ್ತೇನೆಂದು ಆತ ಮನೆಯಲ್ಲಿ ಹೇಳಿಯಾಗಿದೆ ಎಂಬ ಸುದ್ದಿ ಹುಡುಗಿಯರ ಪಿಸುಮಾತಿನಲ್ಲಿ ನನ್ನ ಕಿವಿಗೂ ಬಿದ್ದಿತ್ತು.

ಇಪ್ಪತ್ತು ದಿನ ಕಳೆಯಿತು. ಸಿಂಚನಳ ಪಟ್ಟಿ ಅಚ್ಚುಕಟ್ಟಾಗಿತ್ತು. ತಾನು ಕಂಡದ್ದು ಇಷ್ಟು ದಿನ, ಸ್ಟಾಪಿನ ಎದುರು ಅಂಗಡಿಯ ಜಯಮ್ಮ ಮೊಬೈಲು ನೋಡಿ ಹೇಳಿದ್ದು ಇಷ್ಟು ದಿನ. ಬೋರ್ಡಿನ ಮೇಲೆ ಎಲ್ಲವನ್ನೂ ಬರೆದು, ಮುಂಚೆ ಬಂದ ನಿಮಿಷಗಳನ್ನು ಕಳೆದು, ತಡವಾದ ನಿಮಿಷಗಳನ್ನು ಕೂಡಿ, ಇಪ್ಪತ್ತರಿಂದ ಭಾಗಿಸಿದೆವು. ಮುಂಚೆಯೂ ತಡವೂ ಒಂದನ್ನೊಂದು ನುಂಗಿಕೊಂಡು ಉತ್ತರ ಬಂತು: ಸರಿಯಾಗಿ ಒಂಬತ್ತು ಗಂಟೆ. ಗಣಿತದ ಮೇಷ್ಟರಿಗೆ ಉತ್ತರ ಪೂರ್ಣಾಂಕವಾಗಿ ಬಂದಾಗ ಆಗುವ ಆನಂದ ಬೇರೆಯವರಿಗೆ ಅರ್ಥವಾಗದು. ನಾನು ಆ ಒಂಬತ್ತಕ್ಕೆ ಒಂದು ಚೌಕ ಹಾಕಿ, ಅಡಿಗೆರೆಯನ್ನೂ ಎಳೆದೆ.

ಅಷ್ಟರಲ್ಲಿ ಬಾಗಿಲ ಬಳಿ ಮೂರು ಸಲ ಗಂಟಲು ಸರಿಯಾಯಿತು. ಮುಖ್ಯೋಪಾಧ್ಯಾಯರು ಒಳಗೆ ಬಂದು, ಬೋರ್ಡು ಓದಿ, ಪ್ರಸನ್ನರಾದರು.

'ಇದು ಯಾವ್ ಬಸ್ಸು ಮೇಷ್ಟ್ರೇ? ಸಿಂಚನ ಬರೋದಾ? ಸರಿಯಾಗ್ ಒಂಬತ್ ಗಂಟೆಗೇ ಬತ್ತಾ ಅದಲ್ಲ!' ಎಂದು ಅವಳತ್ತ ತಿರುಗಿದರು. 'ಏನಮ್ಮಾ, ಬಸ್ಸು ಬಸ್ಸು ಅಂತ ದಿನಾ ಬಸ್ಸಿನ ಮೇಲೆ ಆಕ್ತಿದ್ದೆ. ನಿನ್ ಕೈಯಲ್ಲೇ ಲೆಕ್ಕ ಬಂತು ನೋಡು. ಲೆಕ್ಕ ಸುಳ್ಳೇಳಲ್ಲ ಕಣಮ್ಮ.'

ಸಿಂಚನ ಎದ್ದು ನಿಂತಳು. ಅವರನ್ನಲ್ಲ, ನನ್ನನ್ನು ನೋಡಿದಳು.

'ಸಾ, ಒಂಬತ್ ಗಂಟೆಗೆ ಒಂದ್ ದಿನಾನೂ ಬಂದಿಲ್ಲ ಸಾ. ಸರಾಸರಿ ಬಸ್ಸಿಗೆ ಯಾರ್ ಅತ್ತಾರೆ ಸಾ?'

ಮುಖ್ಯೋಪಾಧ್ಯಾಯರು ನಕ್ಕರು. 'ಮಾತ್ ಮಾತ್ರ ಚೆನ್ನಾಗ್ ಕಲ್ತವ್ಳೆ. ಸೋಮವಾರ ನಿಮ್ಮಪ್ಪನ್ ಕರ್ಕೊಂಡ್ ಬಾ' ಎಂದು ಹೊರಟರು. ನಾನೇನು ಹೇಳಿದೆನೆಂದು ಕೇಳುತ್ತೀರಾ? ಲೋಕದ ದನಿಗಳೆಲ್ಲ ಬರುವ ನನಗೆ ಆ ಹೊತ್ತಿನಲ್ಲಿ ನನ್ನದೇ ದನಿ ಹೊರಡಲಿಲ್ಲ. ಅತಿಥಿಯ ಬಾಯಿಗೆ ಮುಂದಿನ ವರ್ಷದ ನೇಮಕದ ಬೀಗ.

ಅವಳ ನೋಟ್‌ಬುಕ್ಕನ್ನು ಮನೆಗೆ ತಂದೆ. ಭಾನುವಾರ ಬೆಳಗ್ಗೆ ಕೂತು, ಎಂಟೂವರೆಯಿಂದ ಒಂಬತ್ತೂವರೆಯವರೆಗೆ ಒಂದು ಗೆರೆ ಎಳೆದು, ದಿನಕ್ಕೊಂದು ಚುಕ್ಕಿ ಇಟ್ಟೆ. ಈ ತುದಿಯಲ್ಲಿ ಒಂದು ಹುತ್ತ, ಆ ತುದಿಯಲ್ಲಿ ಒಂದು ಹುತ್ತ, ನಡುವೆ ಬಟ್ಟಬಯಲು. ನಾನು ಚೌಕ ಹಾಕಿ ಅಡಿಗೆರೆ ಎಳೆದು ಸಂಭ್ರಮಿಸಿದ ಒಂಬತ್ತು ಗಂಟೆ ಆ ಬಯಲಿನ ನಟ್ಟನಡುವೆ, ಯಾರೂ ಇಲ್ಲದ ಜಾಗದಲ್ಲಿ, ನಿಂತಿತ್ತು. ಇದನ್ನು ಮೊದಲು ಬರೆಸಿ ಆಮೇಲೆ ಭಾಗಾಕಾರ ಮಾಡಿಸಬೇಕಿತ್ತು ನಾನು. ಮಾಡಿಸಲಿಲ್ಲ, ಯಾಕೆಂದರೆ ನನಗೂ ಹಾಗೆ ಯಾರೂ ಕಲಿಸಿರಲಿಲ್ಲ. ಕೂಡು, ಭಾಗಿಸು, ಎರಡಂಕ ಹೊಡಕೊ, ಮುಂದೆ ಹೋಗು. ಸಭೆ ಸಭೆಗಳಲ್ಲಿ 'ಒಟ್ಟಾರೆ ಸರಾಸರಿ ತೃಪ್ತಿಕರ' ಎಂದು ಓದುವವರೆಲ್ಲ ಹೀಗೇ ಕಲಿತು ಬಂದವರು. ತೃಪ್ತಿ ಯಾರಿಗೆ? ಸರಾಸರಿಯೆಂಬ ಊರಿನಲ್ಲಿ ಯಾರೂ ವಾಸವಿಲ್ಲ, ಆದರೆ ನಮ್ಮ ಬಸ್ಸು, ನಲ್ಲಿ, ಆಸ್ಪತ್ರೆ ಎಲ್ಲವೂ ಅಲ್ಲಿಗೆ ಸರಿಯಾದ ವೇಳೆಗೆ ತಲುಪುತ್ತವೆ.

ಕೋಪದಲ್ಲಿ ಪುಟ ಮಗುಚಿದವನಿಗೆ ಹಿಂದಿನ ಪುಟಗಳು ಸಿಕ್ಕವು. 'ಗಣಿತ ಸಾ' ಎಂಬ ತಲೆಬರಹ. ಕೆಳಗೆ ಅದೇ ಇಪ್ಪತ್ತು ದಿನಗಳು, ನಾನು ತರಗತಿಗೆ ಬಂದ ವೇಳೆ. ಅವಳು ಇನ್ನೂ ದಾರಿಯಲ್ಲಿದ್ದ ದಿನಗಳ ಪಕ್ಕದಲ್ಲಿ 'ಪಲ್ಲವಿ ಹೇಳಿದ್ದು' ಎಂಬ ಟಿಪ್ಪಣಿ. ಪಲ್ಲವಿ ಕ್ಲಾಸ್ ಲೀಡರು. ಇನ್ನೊಂದು ಕಾಲಮಿನಲ್ಲಿ ಕಾರಣ: 'ಪಂಕ್ಚರ್ ಅಂದ್ರು', 'ಪಂಕ್ಚರ್ ಅಂದ್ರು', 'ಮಳೆ ಅಂದ್ರು, ಮಳೆ ಬಂದಿರಲಿಲ್ಲ'. ಹನ್ನೊಂದು ದಿನ ನಾನು ತಡ. ಚಿಕ್ಕರಸಿನಕೆರೆಯಲ್ಲಿ ಬೈಕು ನಿಲ್ಲಿಸಿ ಎರಡನೆಯ ಕಾಫಿ ಕುಡಿದ ದಿನಗಳೆಲ್ಲ ಅಲ್ಲಿದ್ದವು. ಆ ದಿನಗಳಲ್ಲೂ ಬಂದವನೇ ಯಾರ್ಯಾರು ತಡವೆಂದು ಪಲ್ಲವಿಯನ್ನು ಕೇಳಿ, ನನಗಿಂತ ಮೊದಲೇ ಬಂದು ಕೂತಿದ್ದ ಸಿಂಚನಳ ಹೆಸರಿನ ಮುಂದೆ ಕೆಂಪು ಚುಕ್ಕೆ ಇಟ್ಟಿದ್ದೇನೆ! ಇನ್ನುಳಿದ ದಿನ ಪಕ್ಕದ ಮನೆಯವರ ಕಾರು ಸಿಕ್ಕಿ ಬಹಳ ಮುಂಚೆ ಬಂದಿದ್ದೆನಾದ್ದರಿಂದ, ಸರಾಸರಿ ತೆಗೆದರೆ ನಾನು ಅತ್ಯುತ್ತಮ ಸಮಯಪಾಲಕ. ಅವಳನ್ನು ಸುಳ್ಳಿಯೆಂದ ಭಾಗಾಕಾರವೇ ನನ್ನನ್ನು ಸಭ್ಯನನ್ನಾಗಿಸಿತ್ತು.

ಆ ಪುಟದ ತಳದಲ್ಲಿ ಒಂದು ಸಾಲು: 'ಸಾ ನನ್ನ ಥರ ಓಡಿಬಂದು ತೋರಿಸಿದ್ದು'. ಮುಂದೆ ನಾನು ಕಲಿಸಿದ ಗೆರೆಗಳು. ಒಂದು ಕಟ್ಟು, ಮೇಲೊಂದು ಗೆರೆ. ಆರು ಸಲ.

ಅದಕ್ಕೆ ಕಾರಣದ ಕಾಲಮು ಇರಲಿಲ್ಲ. ಇದ್ದಿದ್ದರೂ ಏನು ಬರೆಯಬೇಕಿತ್ತು ಆ ಮಗು? ಬಸ್ಸಿನ ಮೇಲೆ, ನಿಯಮದ ಮೇಲೆ, ಪುಸ್ತಕದ ಸೇಬಿನ ಮೇಲೆ ಹರಿಯುತ್ತಿದ್ದ ಸಿಟ್ಟು ಮನೆಯ ವಿಳಾಸ ಸಿಕ್ಕವರಂತೆ ನೇರವಾಗಿ ನನ್ನ ಬಳಿಗೆ ಬಂತು.

ಸೋಮವಾರ ಸಿಂಚನಳ ಅಪ್ಪ ಬಂದಿದ್ದ. ಕೈಕಟ್ಟಿ ನಿಂತೇ ಮಾತಾಡಿದ. 'ಪರೀಕ್ಸೆಗೇ ಕೂರ್ಸಕಿಲ್ಲ ಅಂದ್ಮೇಲೆ ಸುಮ್ಕೆ ಯಾಕ್ ಅಲೀಬೇಕು ಸಾ? ಟೀಸಿ ಕೊಟ್ಬುಡಿ. ಅವರವ್ವನ ಜೊತೆ ಗದ್ದೆಗಾದ್ರೂ ಓಯ್ತಾಳೆ.' ಪಕ್ಕದಲ್ಲಿ ಸಿಂಚನ ನೆಲ ನೋಡುತ್ತಿದ್ದಳು.

ನಾನು ಚುಕ್ಕಿಗಳ ಹಾಳೆಯನ್ನು ಮೇಜಿನ ಮೇಲಿಟ್ಟು ವಿವರಿಸಿದೆ. ಮುಖ್ಯೋಪಾಧ್ಯಾಯರು ನೋಡಿದರು. 'ಅದೆಲ್ಲ ಸರಿ ಮೇಷ್ಟ್ರೇ. ನಿಯಮ ಅಂದ್ರೆ ಎಲ್ರಿಗೂ ಒಂದೇ.'

'ಹಾಗಾದ್ರೆ ನನ್ನಿಂದ ಶುರು ಮಾಡಿ ಸಾರ್' ಎಂದು ನೋಟ್‌ಬುಕ್ಕನ್ನು ನನ್ನ ಪುಟಕ್ಕೆ ತೆರೆದು ಅವರ ಮುಂದಿಟ್ಟೆ. 'ಹನ್ನೊಂದು ತಡ. ಮೂರಕ್ಕೊಂದು ಗೈರುಹಾಜರಿ ಬರ್ಕೊಳ್ಳಿ.' ಈ ಮಾತನ್ನು ನಾನು ಧೀರವಾಗಿ ಹೇಳಿದೆನೆಂದು ಬರೆಯಬಹುದಿತ್ತು. ಹೇಳಿದ್ದು ಮಾತ್ರ ಅವರ ಮುಖಕ್ಕಲ್ಲ, ಮೇಜಿನ ಮೇಲಿನ ಪೇಪರ್‌ವೇಟಿಗೆ.

'ರೀ, ನೀವು ಅತಿಥಿ ಶಿಕ್ಷಕರು. ನಿಮ್ ವಿಷ್ಯ ಬೇರೆ' ಎನ್ನುತ್ತ ಅವರು ಬೆರಳಿಗೆ ಎಂಜಲು ಹಚ್ಚಿ ಮುಂದಿನ ಪುಟ ತಿರುಗಿಸಿದರು. ತಲೆಬರಹ ಓದಿದರು. 'ಎಚ್‌ಎಂ ಸಾ'. ಕೆಳಗೆ ಇಪ್ಪತ್ತು ಸಾಲು.

ಗಂಟಲು ಒಂದು ಸಲವೂ ಸರಿಯಾಗಲಿಲ್ಲ.

'ಏನ್ ಸಾ ಬರ್ದದೆ ಅದ್ರಲ್ಲಿ? ನಮ್ ಉಡ್ಗಿ ಏನಾರ ತೆಪ್ಪು ಮಾಡವ್ಳಾ?' ಎಂದು ಅಪ್ಪ ಗಾಬರಿಯಿಂದ ಕೇಳಿದ.

'ಇಲ್ಲಪ್ಪ. ಲೆಕ್ಕ' ಎಂದರು ಅವರು. 'ಲೆಕ್ಕ ಮಾಡವ್ಳೆ.' ಹಾಜರಿ ಪುಸ್ತಕವನ್ನು ಎಳೆದುಕೊಂಡು, ನನ್ನ ಕೆಂಪು ಚುಕ್ಕೆಗಳನ್ನು ಒಂದೊಂದಾಗಿ ಹೊಡೆದುಹಾಕಿ, ಪ್ರತಿಯೊಂದರ ಪಕ್ಕ ಸಹಿ ಹಾಕಿದರು. 'ಬಸ್ಸಲ್ಲಿ ಬರೋರಿಗೆ ಆ ನಿಯಮ ಇಲ್ಲ ಇನ್ಮೇಲೆ.'

'ಅಂಗಾರೆ ಬರ್ಲಾ ಬ್ಯಾಡ್ವಾ ಸಾ?'

'ಬರ್ಲಿ.'

ಗೆದ್ದೆನೆಂದು ನೀವು ಬೆನ್ನು ತಟ್ಟಬೇಡಿ. ನ್ಯಾಯವೆಂದು ತೋರಿ ಅಳಿಸಿದ ಚುಕ್ಕೆಗಳಲ್ಲ ಅವು. ಮುಂದಿನ ಪುಟ ಯಾರ ಕಣ್ಣಿಗೂ ಬೀಳದಿರಲೆಂದು ಅಳಿಸಿದವು. ಬಸ್ಸು ಈಗಲೂ ತನ್ನ ವೈರಿಯನ್ನು ನೋಡಿಕೊಂಡೇ ಓಡುತ್ತದೆ. ಹೊರಗೆ ಬಂದ ಮೇಲೆ ನಾನು ಸಿಂಚನಳ ಹತ್ತಿರ, ಆ ಆರು ಸಲದ್ದು ತಪ್ಪಾಯಿತು ಎಂದೆ. ಅವಳು 'ಊಂ ಸಾ' ಎಂದಳು. ಪರವಾಗಿಲ್ಲ ಎನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ.

ಮರುದಿನ ಹತ್ತೂಕಾಲಿಗೆ ಬಾಗಿಲಲ್ಲಿ ಅವಳ ಏದುಸಿರು ಕೇಳಿಸಿತು. ಕ್ಲಾಸು ಅಭ್ಯಾಸಬಲದಿಂದ ನನ್ನ ಮುಖ ನೋಡಿತು. ನಾನು ಬೋರ್ಡಿಗೆ ತಿರುಗಿ ಚುಕ್ಕಿ ಇಡುವುದನ್ನು ಮುಂದುವರಿಸಿದೆ. ಬೆಂಚು ಸರಿದ ಸದ್ದು, ಬ್ಯಾಗು ಬಿಚ್ಚಿದ ಸದ್ದು. ಆಮೇಲೆ ಬೆನ್ನ ಹಿಂದೆ, ಪಿಸುದನಿಯಲ್ಲಿ:

'ಲೇ ಪಲ್ಲವಿ, ಸಾ ಇವತ್ತು ಎಷ್ಟೊತ್ತಿಗ್ ಬಂದ್ರೇ?'