ರೊಟ್ಟಿಯ ಕಾರ್ಡಿಗೆ ‘ಅಲ್ಲ’ ಎಂದ ನಾಗಮ್ಮ

2025ರ ಜನವರಿಯಲ್ಲಿ ನಾನು ರಾಯಚೂರಿನ ಒಂದು ಖಾಸಗಿ ಸ್ಪೀಚ್ ಥೆರಪಿ ಕೇಂದ್ರಕ್ಕೆ ಗುತ್ತಿಗೆಯ ಮೇಲೆ ಚಿತ್ರ ಬರೆದುಕೊಡುತ್ತಿದ್ದೆ. ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ಕೆಲಸದಿಂದ ಆಗಷ್ಟೇ ನಿವೃತ್ತಳಾಗಿದ್ದೆ. ಆ ಕೇಂದ್ರಕ್ಕೆ ಬರುವವರಲ್ಲಿ ಹೆಚ್ಚಿನವರು ಪಾರ್ಶ್ವವಾಯು ಹೊಡೆದು ಮಾತು ಕಳೆದುಕೊಂಡವರು. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ನಾಲಗೆ ಇರುತ್ತದೆ, ದನಿ ಇರುತ್ತದೆ, ಪದ ಮಾತ್ರ ಬಾಯಿಗೆ ಬರುವುದಿಲ್ಲ. ಕೆಲವರಿಗೆ ಎದುರಿನವರ ಮಾತೂ ಅರ್ಥವಾಗುವುದಿಲ್ಲ. ಅರ್ಥವಾಗುತ್ತದೋ ಇಲ್ಲವೋ ಎಂದು ತಿಳಿಯಲು ಚಿತ್ರದ ಕಾರ್ಡು ತೋರಿಸಿ, ‘ಇದು ನೀರು ಸೇದೋದು ಹೌದೋ ಅಲ್ಲೋ’ ಎಂದು ಕೇಳುತ್ತಾರೆ. ಒಮ್ಮೆ ಸರಿಯಾದ ಹೆಸರು, ಒಮ್ಮೆ ಬೇಕೆಂದೇ ತಪ್ಪು ಹೆಸರು. ಉತ್ತರಕ್ಕೆ ಅಂಕ. ಆ ಅಂಕದ ಮೇಲೆ ವರದಿ.

ಕೇಂದ್ರದಲ್ಲಿದ್ದ ಹಳೆಯ ಕಾರ್ಡುಗಳು ವಿದೇಶದವು. ಹಿಮದಲ್ಲಿ ಆಡುವ ಮಕ್ಕಳು, ಮೇಜಿನ ಮೇಲೆ ಕೇಕು. ಅವನ್ನು ತೆಗೆದು ನಮ್ಮ ಕಡೆಯ ಕೆಲಸ, ನಮ್ಮ ಕಡೆಯ ಸಾಮಾನಿನ ಕಾರ್ಡು ಮಾಡಬೇಕೆಂದು ನನಗೆ ಹೇಳಿದಾಗ ಖುಷಿಯಾಗಿತ್ತು. ಮೊದಲು ಎಲ್ಲರಂತೆ ನಾನೂ ಇಂಟರ್ನೆಟ್ಟಿನಲ್ಲಿ ಹುಡುಕಿದೆ. ನಾವು ಚಿತ್ರಗಾರರು ನೋಡಿ ಬರೆಯಲೆಂದು ಇಟ್ಟುಕೊಳ್ಳುವ ಫೋಟೋಗೆ ರೆಫರೆನ್ಸ್ ಎನ್ನುತ್ತೇವೆ. ಮಾನ್ವಿಯ ಗದ್ದೆ ಎಂದು ಹೊಡೆದರೆ ಎಲ್ಲಾ ಚಿತ್ರಗಳಲ್ಲೂ ಸಂಜೆಯ ಬಂಗಾರದ ಬಿಸಿಲು. ಕೂಲಿಯ ಹೆಂಗಸರೆಲ್ಲರಿಗೂ ಒಂದೇ ಮುಖ, ಆ ಮುಖಕ್ಕೆ ಬೆವರಿಲ್ಲ. ಅಂಗಡಿಯ ಬೋರ್ಡಿನಲ್ಲಿ ಕನ್ನಡದಂತೆ ಕಾಣುವ, ಆದರೆ ಯಾವ ಅಕ್ಷರವೂ ಅಲ್ಲದ ಹುಳುಗಳು. ಎಐ ಮಾಡಿದ ಚಿತ್ರಗಳ ನಡುವೆ ನಿಜವಾದ ಒಂದು ಫೋಟೋ ಸಿಗಲು ಕಣ್ಣು ಉರಿಯುವವರೆಗೆ ಜರಡಿ ಹಿಡಿಯಬೇಕಾಯಿತು. ನಮ್ಮ ಕಡೆಯ ಊರಿನ ಹೆಸರು ಹೊಡೆದರೆ ಯಾರದೋ ಕನಸು ಬರುತ್ತದೆಂದರೆ ಸಿಟ್ಟು ಬರಬಾರದೇ?

ಊರೂರು ತಿರುಗಿ ನೋಡಿ ಬರೆಯುತ್ತೇನೆ, ಸಮಯ ಕೊಡಿ ಎಂದು ವ್ಯವಸ್ಥಾಪಕರನ್ನು ಕೇಳಿದೆ. ಅವರು ನಕ್ಕು ತಮ್ಮ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು. ಇಡೀ ಸೆಟ್ಟು ಆಗಲೇ ತಯಾರಾಗಿತ್ತು, ಎಐಯಿಂದ. ನಾನು ಮಾಡಬೇಕಾದದ್ದು ಎಐ ತಪ್ಪಿ ಮೂಡಿಸಿದ ಹೆಚ್ಚುವರಿ ಬೆರಳು ಅಳಿಸುವ ಕೆಲಸವಂತೆ. ಮಕ್ಕಳಿಗೆ ಇಷ್ಟು ವರ್ಷ ಕೈ ಬರೆಯುವುದನ್ನು ಕಲಿಸಿದವಳಿಗೆ ಬೆರಳು ಕತ್ತರಿಸುವ ಕೆಲಸ! ಆಗುವುದಿಲ್ಲ ಎಂದು ಹೇಳಿ, ಡ್ರಾಯಿಂಗ್ ಪುಸ್ತಕ ಚೀಲಕ್ಕೆ ಹಾಕಿಕೊಂಡು ನನ್ನ ಖರ್ಚಿನಲ್ಲೇ ಬಸ್ಸು ಹತ್ತಿದೆ. ಅವರ ಕಾರ್ಡಿನ ಕೆಲವು ಪ್ರಿಂಟುಗಳನ್ನೂ ಚೀಲದಲ್ಲಿಟ್ಟುಕೊಂಡೆ, ಜಗಳಕ್ಕೆ ಸಾಕ್ಷಿ ಬೇಕಲ್ಲ.

ಯಾಪಲದಿನ್ನಿಯಲ್ಲಿ ಹತ್ತಿ ಬಿಡಿಸುವುದು ಮುಗಿಯುತ್ತಾ ಬಂದಿತ್ತು. ಹೊಟ್ಟೆಗೆ ಕಟ್ಟಿಕೊಂಡ ಉಡಿ ತುಂಬಿದ ಹಾಗೆ ಹೆಂಗಸರ ನಡಿಗೆ ಬದಲಾಗುವುದನ್ನು ಬರೆದುಕೊಂಡೆ. ಮಾನ್ವಿಯ ಕಡೆ ಕಲ್ಲೂರಿನಲ್ಲಿ ಕಾಲುವೆ ನೀರಿನ ಎರಡನೇ ಬೆಳೆಗೆ ನಾಟಿ ನಡೆದಿತ್ತು. ಬದುವಿನ ಮೇಲೆ ಬುತ್ತಿ ಬಿಚ್ಚಿದ್ದ ಹೆಂಗಸರಿಗೆ ಎಐಯ ನಾಟಿ ಕಾರ್ಡು ತೋರಿಸಿದೆ. ಒಬ್ಬಾಕೆ ಅದನ್ನು ನೋಡಿ ಊಟ ಮಾಡುವುದನ್ನೇ ನಿಲ್ಲಿಸಿದಳು.

“ಇದೇನ್ರಿ ಯಕ್ಕಾ, ಹಚ್ಚಿದ ಸಸಿ ತುಳಿಕೋತ ಮುಂದ ಹೊಂಟಾರ. ಇವ್ರಿಗೆ ಕೂಲಿ ಕೊಡೋರು ಯಾರು?”

ನಾಟಿ ಮಾಡುವವರು ಹಿಂದೆ ಹಿಂದೆ ಸರಿಯುತ್ತಾರೆ, ಹಚ್ಚಿದ ಸಸಿ ಕಣ್ಣೆದುರಿಗೆ ಇರುತ್ತದೆ. ಕಾರ್ಡಿನ ಹೆಂಗಸರು ಮೆರವಣಿಗೆ ಹೊರಟವರಂತೆ ಮುಂದೆ ಬರುತ್ತಿದ್ದರು. ಎಲ್ಲರೂ ನಕ್ಕೆವು. ನನ್ನ ನಗು ರಾಯಚೂರು ಮುಟ್ಟುವವರೆಗೂ ಉಳಿಯಲಿಲ್ಲ.

ಬಸ್ಸಿನಲ್ಲಿದ್ದಾಗಲೇ ರೇಷ್ಮಾಳ ಫೋನ್ ಬಂತು. ರೇಷ್ಮಾ ಆ ಕೇಂದ್ರದ ಥೆರಪಿಸ್ಟ್, ಮಾನ್ವಿಯ ಹುಡುಗಿ, ಮನೆಯಲ್ಲಿ ದಖ್ಖನಿ ಉರ್ದು, ಹೊರಗೆ ಅಚ್ಚ ನಮ್ಮ ಕನ್ನಡ. ನಾನು ಒಲ್ಲೆನೆಂದ ಕಾರ್ಡುಗಳನ್ನು ವ್ಯವಸ್ಥಾಪಕರು ಬೇರೆಯವರಿಂದ ಬೆರಳು ಸರಿಮಾಡಿಸಿ, ಆಗಲೇ ಬಳಕೆಗೆ ಕೊಟ್ಟಿದ್ದರಂತೆ. ಆ ಕಾರ್ಡುಗಳ ಮುಂದೆ ದೇವದುರ್ಗದ ನಾಗಮ್ಮ ಎಂಬಾಕೆ ಕುಳಿತಿದ್ದಳು.

“ಎಲ್ಲಾದಕ್ಕೂ ಅಲ್ಲ ಅಲ್ಲ ಅನ್ನಾಕತ್ತಾರ್ರಿ ಮೇಡಂ. ತಿಳಿವಳಿಕಿ ಇಲ್ಲ ಅಂತ ವರದಿ ಬರೀಬೇಕಾಗ್ಯದ. ನನಗ್ಯಾಕೋ ಮನಸ್ಸು ಒಪ್ಪವಲ್ದು, ನೀವೊಮ್ಮೆ ಬರ್ರಿ.”

ನಾಗಮ್ಮ ದೇವದುರ್ಗದಲ್ಲಿ ಖಾನಾವಳಿ ನಡೆಸುತ್ತಿದ್ದವಳು. ಕೂಲಿ ಮಾಡಿ ಮಗಳನ್ನು ಓದಿಸಿ, ಆಮೇಲೆ ಸ್ವಂತ ಒಲೆ ಹೂಡಿದವಳು. ಬಲಗೈ ಬಿದ್ದುಹೋಗಿತ್ತು. ಬಾಯಲ್ಲಿ ಉಳಿದಿದ್ದದ್ದು ‘ಅಲ್ಲ’ ಎಂಬ ಒಂದೇ ಪದ. ಅಫೇಸಿಯಾದಲ್ಲಿ ಹೀಗೆ ಒಂದೇ ಪದ ಉಳಿದು, ಅರ್ಥವಿಲ್ಲದೆ ಮತ್ತೆ ಮತ್ತೆ ಬರುವುದುಂಟು. ಹಾಗಾಗಿ ಆಕೆಯ ‘ಅಲ್ಲ’ವನ್ನು ಯಾರೂ ಮಾತೆಂದು ಎಣಿಸಿರಲಿಲ್ಲ. ಮಗಳು ಸಾವಿತ್ರಿ ಮಾನ್ವಿಯಲ್ಲಿ ಶಾಲೆಯ ಶಿಕ್ಷಕಿ. ತಿಳಿವಳಿಕೆ ಹೋಗಿದೆ ಎಂದು ವರದಿ ಬಂದರೆ ಥೆರಪಿ ನಿಲ್ಲುತ್ತದೆ, ಖಾನಾವಳಿ ಮುಚ್ಚಿ ತಾಯಿಯನ್ನು ಮಾನ್ವಿಯ ಮನೆಯ ಹಿಂದಿನ ಕೋಣೆಯಲ್ಲಿ ಕೂಸಿನ ಹಾಗೆ ಇಟ್ಟುಕೊಳ್ಳುವುದು ಎಂದು ನೆಂಟರೆಲ್ಲ ಸೇರಿ ನಿಶ್ಚಯಿಸಿದ್ದರು.

“ನಮ್ಮವ್ವಗ ಎಲ್ಲಾ ತಿಳೀತದ ಅನಸ್ತದ್ರಿ ಅಕ್ಕಾರ. ಆದ್ರ ದವಾಖಾನಿ ಕಾಗದದಾಗ ಇಲ್ಲ ಅಂತ ಬರದ್ರ ನನ್ನ ಮಾತು ಯಾರು ಕೇಳ್ತಾರ?” ಎಂದಳು ಸಾವಿತ್ರಿ.

ನಾನು ರೇಷ್ಮಾಳ ಪಕ್ಕ ಕುಳಿತು ನೋಡಿದೆ. ಅವಳು ರೊಟ್ಟಿಯ ಕಾರ್ಡು ಎತ್ತಿ, ಇದು ರೊಟ್ಟಿ ಮಾಡೋದು ಹೌದೋ ಅಲ್ಲೋ ಎಂದು ಕೇಳಿದಳು. ನಾಗಮ್ಮ ಕಾರ್ಡನ್ನು ಹತ್ತಿರ ಎಳೆದುಕೊಂಡು ನೋಡಿ ‘ಅಲ್ಲ’ ಎಂದಳು. ನಾನು ಬಗ್ಗಿದೆ. ಕಾರ್ಡಿನಲ್ಲಿದ್ದ ಹೆಂಗಸು ಮಣೆಯ ಮೇಲೆ ಲಟ್ಟಣಿಗೆ ಹಿಡಿದು ಲಟ್ಟಿಸುತ್ತಿದ್ದಳು! ಜೋಳದ ರೊಟ್ಟಿಯನ್ನು ಕೈಯಿಂದ ಬಡಿದೇ ಬದುಕಿದ ಹೆಂಗಸಿಗೆ ಚಪಾತಿ ಲಟ್ಟಿಸುವವಳನ್ನು ತೋರಿಸಿ, ಇದು ರೊಟ್ಟಿಯೆಂದು ಒಪ್ಪಿಕೋ ಎನ್ನುತ್ತಿದ್ದೆವು. ಆಕೆ ಅಲ್ಲ ಎಂದದ್ದಕ್ಕೆ ಸೊನ್ನೆ ಅಂಕ. ನಾಟಿಯ ಕಾರ್ಡಿಗೂ ಅಲ್ಲ, ಅದಕ್ಕೂ ಸೊನ್ನೆ.

ಕಾರ್ಡು ಹಿಡಿದುಕೊಂಡು ನೇರ ವ್ಯವಸ್ಥಾಪಕರ ಕೋಣೆಗೆ ಹೋದೆ. ಅವರಿಗೆ ಏನೂ ಅನ್ನಿಸಲಿಲ್ಲ.

“ಚಿತ್ರ ಅಂದ್ರ ಚಿತ್ರ ಮೇಡಂ. ತಿಳಿವಳಿಕಿ ಇದ್ದವ್ರು ಅಂದಾಜಿನ ಮ್ಯಾಲ ಹೌದಂತಾರ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಚಿತ್ರ ಬರೆಸಲಾರದವರು ರೋಗಿಯ ತಲೆ ಡೊಂಕು ಎನ್ನುತ್ತಿದ್ದರು. ನಾನು ಅದನ್ನು ಅವರ ಮುಖಕ್ಕೇ ಹೇಳಿದೆ, ದನಿಯನ್ನೂ ಏರಿಸಿದೆ. ಬಾಗಿಲ ಹೊರಗೆ ಕುಳಿತವರೆಲ್ಲ ಎದ್ದು ನಿಂತರಂತೆ. ರೇಷ್ಮಾ ಒಳಗೆ ಬಂದು, ಮೇಡಂ ಬರೆದುಕೊಡುವ ಕಾರ್ಡು ತೋರಿಸಿ ಇನ್ನೊಮ್ಮೆ ಪರೀಕ್ಷಿಸದೆ ತಾನು ವರದಿಗೆ ಸಹಿ ಹಾಕುವುದಿಲ್ಲ ಎಂದಳು. ಹೊಸದಾಗಿ ಕೆಲಸಕ್ಕೆ ಸೇರಿದವಳು ಅಷ್ಟು ಹೇಳಿದ್ದು ಸಣ್ಣ ಮಾತಲ್ಲ.

ಸಾವಿತ್ರಿ ನನ್ನನ್ನು ದೇವದುರ್ಗಕ್ಕೆ ಕರೆದುಕೊಂಡು ಹೋಗಿ ಖಾನಾವಳಿಯ ಬೀಗ ತೆಗೆದಳು. ಒಲೆ ತಣ್ಣಗಿತ್ತು. ಮಸಿ ಹಿಡಿದ ಗೋಡೆ, ರೊಟ್ಟಿ ಬಡಿಯುವ ಕಲ್ಲು, ಹಂಚು, ಹಿಟ್ಟಿನ ಡಬ್ಬಿ, ನಾಗಮ್ಮ ಕೂರುತ್ತಿದ್ದ ಜಾಗದಲ್ಲಿ ನುಣ್ಣಗಾದ ನೆಲ. ಎಲ್ಲವನ್ನೂ ಕುಳಿತು ಬರೆದೆ. ಒಲೆಯಲ್ಲಿ ಬೆಂಕಿ, ಹಂಚಿನ ಮೇಲೆ ಒಂದು ರೊಟ್ಟಿ, ಕಲ್ಲಿನ ಮೇಲೆ ಇನ್ನೊಂದನ್ನು ಬಡಿಯುವ ಕೈ, ಇಷ್ಟನ್ನು ಮಾತ್ರ ನೆನಪಿನಿಂದ ಸೇರಿಸಿದೆ. ಇಂಟರ್ನೆಟ್ಟಿನಲ್ಲಿ ಎಷ್ಟು ತಡಕಾಡಿದರೂ ಸಿಗದದ್ದು ಆ ಮಸಿಯ ಬಣ್ಣದಲ್ಲೇ ಸಿಕ್ಕಿತ್ತು. ಬಹಳ ದಿನಗಳ ಮೇಲೆ ನನ್ನ ಕೆಲಸ ನನಗೇ ಹಿಡಿಸಿತು.

ಮರುಪರೀಕ್ಷೆಗೆ ವ್ಯವಸ್ಥಾಪಕರೂ ಬಂದು ಕುಳಿತರು. ರೇಷ್ಮಾ ನನ್ನ ಕಾರ್ಡನ್ನು ಮೇಜಿನ ಮೇಲಿಟ್ಟು ಅದೇ ಪ್ರಶ್ನೆ ಕೇಳಿದಳು. ನಾಗಮ್ಮನ ಕಣ್ಣು ಅರಳಿದ್ದು ಎಲ್ಲರಿಗೂ ಕಂಡಿತು. ಎಡಗೈಯಿಂದ ಚಿತ್ರದ ಒಲೆಯನ್ನು ಮುಟ್ಟಿದಳು, ಗೋಡೆಯನ್ನು ಮುಟ್ಟಿದಳು. ಆಮೇಲೆ ತಲೆಯಾಡಿಸಿ, ಸ್ಪಷ್ಟವಾಗಿ, “ಅಲ್ಲ” ಎಂದಳು.

ವ್ಯವಸ್ಥಾಪಕರು ಪೆನ್ನಿನ ಮುಚ್ಚಳ ತೆಗೆದರು. ಸಾವಿತ್ರಿ ಮುಖ ಬೇರೆ ಕಡೆ ತಿರುಗಿಸಿಕೊಂಡಳು.

ಆದರೆ ನಾಗಮ್ಮ ಕಾರ್ಡು ಬಿಡಲಿಲ್ಲ. ನನ್ನ ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ಸಿಲ್ ಕಡೆ ಕೈ ಚಾಚಿದಳು. ಕೊಟ್ಟೆ. ಎಂದೂ ಪೆನ್ಸಿಲ್ ಹಿಡಿಯದ ಎಡಗೈಯಿಂದ, ಕಲ್ಲಿನ ಪಕ್ಕದಲ್ಲಿ, ಸೊಟ್ಟಗೆ ಒಂದು ದುಂಡನೆಯ ಗೆರೆ ಎಳೆದಳು. ಅದರೊಳಗೆ ಬೆರಳು ಅದ್ದಿದಂತೆ ಮಾಡಿ, ನಾನು ಬರೆದ ಹಂಚಿನ ಮೇಲಿನ ರೊಟ್ಟಿಗೆ ಸವರಿದಳು. ಇನ್ನೊಮ್ಮೆ ಅದ್ದಿದಳು, ಇನ್ನೊಮ್ಮೆ ಸವರಿದಳು.

“ನೀರೇನಬೇ ಯವ್ವಾ? ನೀರಿನ ಬಟ್ಟಲಾ?” ಎಂದಳು ಸಾವಿತ್ರಿ.

“ಹ್ಞೂಂ,” ಎಂದಳು ನಾಗಮ್ಮ. ಕಾಯಿಲೆ ಬಿದ್ದ ಮೇಲೆ ‘ಅಲ್ಲ’ ಬಿಟ್ಟು ಆಕೆಯ ಬಾಯಿಂದ ಬಂದ ಮೊದಲ ಮಾತು ಅದು.

ಮುಚ್ಚಿದ ಖಾನಾವಳಿಯಲ್ಲಿ ನೀರು ಎಲ್ಲಿಂದ ಬರಬೇಕು? ಬಟ್ಟಲು ಅಲ್ಲಿರಲಿಲ್ಲ, ನಾನು ಬರೆಯಲಿಲ್ಲ. ನೀರಿಲ್ಲದೆ ಜೋಳದ ರೊಟ್ಟಿ ಆಗುವುದಿಲ್ಲ, ಸವರದಿದ್ದರೆ ಹಂಚಿನ ಮೇಲೆ ಬಿರಿಯುತ್ತದೆ. ಆಕೆ ನನ್ನ ಚಿತ್ರಕ್ಕೂ ಸುಳ್ಳು ಹೌದು ಹೇಳಲಿಲ್ಲ. ರೇಷ್ಮಾ ಸಹಿ ಹಾಕದೆ ಇಟ್ಟಿದ್ದ ವರದಿಯನ್ನು ನಮ್ಮೆದುರಿಗೇ ಹರಿದಳು. ನಾನು ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ನಾಗಮ್ಮನ ಥೆರಪಿ ಮುಂದುವರಿಯಿತು. ಖಾನಾವಳಿಯ ಒಲೆ ಮತ್ತೆ ಹೊತ್ತಿದೆ. ಬಡಿಯುವವಳು ನೆರೆಮನೆಯಾಕೆ, ಪಕ್ಕದಲ್ಲಿ ಕುಳಿತು ‘ಅಲ್ಲ’ ಎಂದು ತಿದ್ದುವವಳು ನಾಗಮ್ಮ. ನಾನು ಈಗ ಯಾವ ಚಿತ್ರ ಬರೆದರೂ ಮೊದಲು ಆ ಕೆಲಸ ಮಾಡುವವರ ಮುಂದೆ ಇಟ್ಟು, ಅವರು ಹ್ಞೂಂ ಎನ್ನುವವರೆಗೆ ಶಾಯಿ ಹಚ್ಚುವುದಿಲ್ಲ. ವ್ಯವಸ್ಥಾಪಕರು ನನ್ನ ಚಿತ್ರಗಳನ್ನು ಎಐಗೆ ತಿನ್ನಿಸಿ ಅದೇ ರೀತಿಯವು ನೂರಾರು ಮಾಡಿಸೋಣ ಎಂದರು. ನಾನು ಒಪ್ಪಲಿಲ್ಲ, ಅಲ್ಲಿಗೆ ನನ್ನ ಗುತ್ತಿಗೆ ಮುಗಿಯಿತು.

ಒಬ್ಬರು ಚಿತ್ರವನ್ನು ಅಲ್ಲ ಎಂದರೆ, ಅವರ ಮೇಲೆ ವರದಿ ಬರೆಯುವ ಮೊದಲು ಚಿತ್ರವನ್ನು ಇನ್ನೊಮ್ಮೆ ನೋಡಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ನಾನು ಕೆಲಸ ಬಿಡುವ ದಿನ ರೇಷ್ಮಾ ಇನ್ನೊಂದು ಮಾತು ಹೇಳಿದಳು. ನಾಗಮ್ಮನಿಗಿಂತ ಮೊದಲು ಅದೇ ಕಾರ್ಡುಗಳ ಮುಂದೆ ಬೇರೆಯವರೂ ಕುಳಿತಿದ್ದರು, ತಿಳಿವಳಿಕೆ ಇಲ್ಲವೆಂಬ ವರದಿ ಹಿಡಿದುಕೊಂಡು ಊರಿಗೆ ಹೋದರು. ಅವರನ್ನು ಮತ್ತೆ ಕರೆಸಿ ಎಂದು ವ್ಯವಸ್ಥಾಪಕರನ್ನು ಕೇಳಿದೆ, ಜಗಳವಾಡಿದೆ, ಕರೆಸಲಿಲ್ಲ. ಇವತ್ತಿಗೂ ಯಾವುದೋ ಮನೆಯ ಹಿಂದಿನ ಕೋಣೆಯಲ್ಲಿ ಯಾರೋ ಒಬ್ಬರು ‘ಅಲ್ಲ’ ಎನ್ನುತ್ತಿರಬಹುದು, ಮನೆಯವರು ಬಾಗಿಲು ಎಳೆದುಕೊಂಡು ಹೋಗುತ್ತಿರಬಹುದು.